ಒಂದೇ ಒಂದು ಗುದ್ದು

ಚೂರಿ ಇರಿತಕ್ಕೆ ಒಳಗಾದ ಮನುಷ್ಯ ಏನು ಮಾಡುತ್ತಾನೆ? ‘ಅಮ್ಮಾ’ ಎಂದು ಕಿರುಚಿ, ಹೊಟ್ಟೆ ಹಿಡಿದು, ಸ್ಲೋ ಮೋಷನ್‌ನಲ್ಲಿ ಬೀಳುತ್ತಾನೆ. ನಾನೂ ಹಾಗೇ ಅಂದುಕೊಂಡಿದ್ದೆ, ಕಳೆದ ಭಾನುವಾರದವರೆಗೆ.

ಆ ಬೆಳಿಗ್ಗೆ ಪಕ್ಕದ ಮನೆಯ ಹಮೀದಾಕ ನಮ್ಮ ಗೇಟು ತಳ್ಳಿಕೊಂಡು ಬಂದರು. ಕೂಳೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟವರು, ವಯಸ್ಸು ಅರುವತ್ತು ದಾಟಿದೆ. ಕೈಯಲ್ಲಿ ಬಂಗುಡೆ ಮೀನಿನ ಪ್ಲಾಸ್ಟಿಕ್ ತೊಟ್ಟೆ. ಮುಖದಲ್ಲಿ ವರ್ಲ್ಡ್ ಕಪ್ ಗೆದ್ದ ಕಳೆ.

“ಮೀನು ತರುವಾಗ ಒಬ್ಬ ಮೊಬೈಲ್ ಎಳೀಲಿಕ್ಕೆ ಬಂದ ಮಾರಾಯ. ಬಿಡ್ತೇನಾ ನಾನು? ಕೊಟ್ಟೆ ನೋಡು ಎರಡು! ಓಡಿದ.”

“ನಿಮಗೆ ಎಂತ ಆಗ್ಲಿಲ್ವಾ?”

“ಎಂತ ಇಲ್ಲ. ಪಕ್ಕೆಗೆ ಒಂದು ಗುದ್ದು ಬಿತ್ತು, ಅಷ್ಟೇ.”

ಶುರುವಾಯಿತು ಕಥೆ. (ನಮ್ಮ ದೇರೆಬೈಲಿನಲ್ಲಿ ಕಥೆ ಕೇಳಲು ಯಾರನ್ನೂ ಕರೆಯಬೇಕಾಗಿಲ್ಲ. ಕಾಂಪೌಂಡಿನ ಮೇಲೆ ತಲೆಗಳು ತಾವಾಗಿಯೇ ಮೂಡುತ್ತವೆ.) ಹೊಸ ತಲೆ ಬಂದಾಗಲೆಲ್ಲ ಕಥೆ ಮೊದಲಿನಿಂದ. ಪ್ರತಿ ಸಲವೂ ಕಳ್ಳ ಸ್ವಲ್ಪ ಎತ್ತರವಾಗುತ್ತಿದ್ದ.

ಚಹಾ ಕೊಡುವಾಗ ನೋಡಿದೆ. ಅವರ ಕಪ್ಪು ಅಂಗಿ ಪಕ್ಕೆಯ ಹತ್ತಿರ ಒದ್ದೆ.

“ಮೀನಿನ ನೀರು ಮಾರಾಯ. ತೊಟ್ಟೆ ತೂತುಂಟು. ನೀನು ಕಥೆ ಕೇಳು.”

ತೊಟ್ಟೆ ಎತ್ತಿ ನೋಡಿದೆ. ತೂತಿರಲಿಲ್ಲ. ಕೆಳಗೆ ನೆಲ ನೋಡಿದೆ. ಕೆಂಪು. ಕಾಂಪೌಂಡಿನಾಚೆ ಅವರ ಮನೆಗೆ ಕೇಳುವಂತೆ ಕೂಗಿದೆ.

ಅವರ ಹೆಂಡತಿ ಜುಬೈದಕ್ಕ ಓಡಿಬಂದು ಅಂಗಿ ಎತ್ತಿದರು. ಗಾಯ ಬಾಯಿ ಬಿಟ್ಟುಕೊಂಡಿತ್ತು. ಅದನ್ನು ಕಣ್ಣಾರೆ ಕಂಡ ಮೇಲೆಯೇ ಹಮೀದಾಕರಿಗೆ ನೋವು ಶುರುವಾದದ್ದು! ಅಲ್ಲೇ ಕುಸಿದು ಕುಳಿತರು. ಜುಬೈದಕ್ಕ ಮೈ ಒರೆಸುವ ಬೈರಾಸು ಮಡಚಿ ಗಾಯಕ್ಕೆ ಒತ್ತಿ ಹಿಡಿದರು. ನಾನು ಕಾರು ತೆಗೆದೆ.

“ತುಂಬಾ ಜನ ಹೀಗೇ ಹೇಳ್ತಾರೆ, ಗುದ್ದು ಬಿತ್ತು ಅಂತ,” ಎಂದರು ಡಾಕ್ಟರು. “ಜಗಳದ ಬಿಸಿಯಲ್ಲಿ ಚೂರಿ ಕಾಣುವುದಿಲ್ಲ, ನೋವೂ ಗೊತ್ತಾಗುವುದಿಲ್ಲ. ಇನ್ನೂ ತಡ ಮಾಡಿದ್ದರೆ ಕಷ್ಟ ಇತ್ತು.”

ಕಥೆ ಹೇಳುತ್ತಾ ಹೇಳುತ್ತಾ ಹಮೀದಾಕ ಹೋಗಿಬಿಡುತ್ತಿದ್ದರಲ್ಲ!

ಸೆಲ್ಫ್ ಡಿಫೆನ್ಸ್ ರೀಲ್ಸ್ ನಾವೆಲ್ಲ ನೋಡುತ್ತೇವೆ. ಹೀಗೆ ಹಿಡಿ, ಹಾಗೆ ತಿರುಚು. ಕೇಳಿದ್ದನ್ನು ಕೊಟ್ಟು ಓಡು, ಓಡಿದ ಮೇಲೆ ಮೈಯೆಲ್ಲ ಮುಟ್ಟಿ ನೋಡಿಕೋ ಎಂದು ಯಾರಾದರೂ ಕಲಿಸುತ್ತಾರಾ? ಕಲಿಸಿದರೂ ಆ ವಿಡಿಯೋಗೆ ಲೈಕ್ ಯಾರು ಕೊಡುತ್ತಾರೆ? ಸ್ಕೂಟರ್‌ನಿಂದ ಬಿದ್ದರೆ ಮೊದಲು ಇಂಡಿಕೇಟರ್ ಒಡೆಯಿತಾ ಎಂದು ನೋಡುವವರು ನಾವು. ಮೊಣಕಾಲಿನ ಸರದಿ ಆಮೇಲೆ.

ಮರುದಿನ ಆಸ್ಪತ್ರೆಗೆ ಹೋದರೆ, ಹೊಲಿಗೆ ಹಾಕಿಸಿಕೊಂಡ ಹಮೀದಾಕ ನರ್ಸಿಗೆ ಅದೇ ಕಥೆ ಹೇಳುತ್ತಿದ್ದರು. “ಆದ್ರೂ ಮೊಬೈಲ್ ಬಿಡ್ಲಿಲ್ಲ ನೋಡಿ ನಾನು!”

ಜುಬೈದಕ್ಕ ಗಂಜಿ ಕಲಸುತ್ತಾ, ತಲೆ ಎತ್ತದೆ ಕೇಳಿದರು:

“ಮೊಬೈಲ್ ಎಲ್ಲಾ ಅಂಗಡಿಯಲ್ಲಿ ಸಿಗ್ತದೆ. ನೀವು ಯಾವ ಅಂಗಡಿಯಲ್ಲಿ ಸಿಗ್ತೀರಿ?”