ಹಳದಿ ಗೆರೆ ಎಳೆಯುವ ಕೆಲಸ

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದ ದಿನ ಶೆಡ್ಡಿನವರು ನನ್ನ ಕೈಗೆ ಒಂದು ಬ್ರಷ್ ಮತ್ತು ಹಳದಿ ಬಣ್ಣದ ಡಬ್ಬಿ ಕೊಟ್ಟರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅದು ನಾಸಿಕ್‌ನ ಉಪನಗರ ನಾಸಿಕ್ ರೋಡಿನಲ್ಲಿ ಒಬ್ಬ ಗುತ್ತಿಗೆದಾರನ ಶೆಡ್. ರೈಲು ಡಬ್ಬಿಯ ಅಡಿಯಲ್ಲಿ ಗಾಲಿಗಳನ್ನು ಹಿಡಿದಿಡುವ ಕಬ್ಬಿಣದ ಚೌಕಟ್ಟು ಇರುತ್ತದಲ್ಲ, ಅದಕ್ಕೆ ಅಲ್ಲಿಯವರು ಟ್ರಾಲಿ ಎನ್ನುತ್ತಾರೆ. ಸವೆದ ಟ್ರಾಲಿಗಳನ್ನು ಬಿಚ್ಚಿ, ತೊಳೆದು, ರಿಪೇರಿ ಮಾಡಿ ರೈಲ್ವೆಗೆ ಮರಳಿಸುವುದು ನಮ್ಮ ಕೆಲಸ. ಬ್ರೇಕಿನ ನಟ್ಟುಗಳನ್ನು ಟಾರ್ಕ್ ಪಾನಾದಿಂದಲೇ, ಅಂದರೆ ಬಿಗಿತ ಅಳೆಯುವ ಸ್ಪ್ಯಾನರಿನಿಂದಲೇ ಬಿಗಿಯಬೇಕು. ಬೇಕಾದಷ್ಟು ಬಿಗಿಯಾದಾಗ ಆ ಪಾನಾ ಟಕ್ ಎಂದು ಸದ್ದು ಮಾಡುತ್ತದೆ. ಆಮೇಲೆ ಬಿಗಿದವರೇ ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಒಂದು ಹಳದಿ ಗೆರೆ ಎಳೆಯಬೇಕು. ಮುಂದೆ ಎಂದಾದರೂ ನಟ್ಟು ಸಡಿಲಾಗಿ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಗೆರೆ ಎಳೆದವರು, ಇದನ್ನು ನಾನು ಬಿಗಿದಿದ್ದೇನೆ ಎಂದು ಮಾತು ಕೊಟ್ಟ ಹಾಗೆ.

ನಮ್ಮ ಶೆಡ್ಡಿನಲ್ಲಿ ಬಿಗಿಯುವವರು ಬೇರೆ, ಮಾತು ಕೊಡುವವಳು ನಾನು. ಇದ್ದದ್ದು ಒಂದೇ ಟಾರ್ಕ್ ಪಾನಾ. ದುಬಾರಿ ವಸ್ತು ಎಂದು ಶೆಡ್ ನಡೆಸುವ ಸಾಹೇಬರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ತಪಾಸಣೆಗೆ ರೈಲ್ವೆಯವರು ಬಂದ ದಿನ ಮಾತ್ರ ಅದು ಹೊರಗೆ, ಮದುವೆಯ ದಿನ ಒಡವೆ ತೆಗೆದ ಹಾಗೆ. ಉಳಿದ ದಿನ ಫಿಟ್ಟರುಗಳು ಸಾದಾ ಪಾನಾ ಹಿಡಿದು ಕೈ ಅಂದಾಜಿನ ಮೇಲೆ ಬಿಗಿಯುತ್ತಿದ್ದರು.

ಸಾಹೇಬರು ಬೆಳಗಾವಿ ಕಡೆಯವರು. ನಾವು ಕಲಬುರ್ಗಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದವರು. ಅವ್ವ ಸೈಟುಗಳಲ್ಲಿ ಸಿಮೆಂಟು ಹೊತ್ತು ನನ್ನನ್ನು ಓದಿಸಿದಳು. ಈ ಶೆಡ್ಡಿನ ಗೋಡೆ ಕಟ್ಟುವಾಗಲೂ ಅವಳು ಹೊತ್ತಿದ್ದಳು; ಆ ಪರಿಚಯದ ಮೇಲೆ ನನ್ನನ್ನು ಕರೆದುಕೊಂಡು ಹೋದಳು. ಹುಡುಗಿ ಎಂದು ಸಾಹೇಬರು ಹಿಂದೆಮುಂದೆ ನೋಡಿದಾಗ ನಾನೇ ಮಾತಿಗಿಳಿದೆ.

"ಒಂದ್ ತಿಂಗಳಾ ನೋಡ್ರಿ ಸರ್. ನಿಮ್ಗ ಸರಿ ಬರಲಿಲ್ಲಂದ್ರ ನಾನೇ ಹೋಗ್ತೀನಿ."

"ನಮ್ಮ ಮಂದಿ ಅಂತ ತಗೊಳ್ಳಾಕತ್ತೇನಿ ನೋಡವಾ," ಎಂದರು ಅವರು.

ಹೊಸದಾಗಿ ಕೆಲಸ ಕಲಿಯಲು ಹೊರಟವರಿಗೆ ಒಂದು ಮಾತು ಹೇಳುತ್ತೇನೆ. ಉಪಕಾರವೆಂದು ಯಾರಾದರೂ ಜಾಗ ಕೊಟ್ಟರೆ ಮೊದಲ ದಿನವೇ ಕರಾರು ಮಾಡಿಕೊಳ್ಳಿ. ಏನು ಕಲಿಸುತ್ತೀರಿ, ಯಾರು ಕಲಿಸುತ್ತಾರೆ, ಯಾವ ಯಂತ್ರ ಕೈಗೆ ಕೊಡುತ್ತೀರಿ, ಎಲ್ಲವನ್ನೂ ಕೇಳಿ. ಆಮೇಲೆ ಕೇಳಿದರೆ ನಿಯತ್ತಿಲ್ಲದವರು ಎನ್ನುತ್ತಾರೆ. ನಾನು ಜಾಗಕ್ಕೆ ಮಾತ್ರ ಚೌಕಾಸಿ ಮಾಡಿದೆ, ಬ್ರಷ್ ಸಿಕ್ಕಿತು.

"ಮನ್ಯಾಗ ರಂಗೋಲಿ ಹಾಕ್ತೀಯಲ್ಲ, ಹಂಗss ಎಳಿ," ಎಂದರು ಸಾಹೇಬರು. ಅಷ್ಟೇ ಸಾಕಾಯಿತು. ಹಿರಿಯ ಫಿಟ್ಟರ್, ಮರಾಠಿಯವನು, ಅಂದಿನಿಂದ ನನ್ನನ್ನು ರಾಂಗೋಳೀಬಾಯಿ ಎಂದೇ ಕರೆಯತೊಡಗಿದ. ದೀಪಾವಳಿ ಯಾವಾಗ ಎಂದು ದಿನಾ ಕೇಳುತ್ತಿದ್ದ. ಉಳಿದವರು ದಿನಾ ನಗುತ್ತಿದ್ದರು.

ಒಂದು ಸಂಜೆ ಗೆರೆ ಎಳೆಯುವಾಗ ಬೆರಳು ತಾಗಿ ನಟ್ಟು ತಿರುಗಿತು. ಹೌದು, ಬೆರಳಿಗೇ. ಬ್ರೇಕು ಹಿಡಿದಿಡುವ ನಟ್ಟು.

"ಕಾಕಾ, ಹೇ ಬಘಾ," ಎಂದು ಫಿಟ್ಟರನನ್ನು ಕರೆದು ನಟ್ಟು ತೋರಿಸಿದೆ. ಅವನು ಬಂದು ಸಾದಾ ಪಾನಾದಿಂದ ಒಂದು ಸುತ್ತು ಕೊಟ್ಟ. "ಮಾಝಾ ಹಾತಚ್ ಟಾರ್ಕ್ ಆಹೇ," ಎಂದ. ಅವನ ಕೈಯೇ ಟಾರ್ಕ್ ಅಂತೆ! ಹಾಗಿದ್ದರೆ ಗೆರೆಯನ್ನೂ ಆ ಕೈಯೇ ಎಳೆಯಲಿ ಎಂದು ಮರಾಠಿಯಲ್ಲೇ ಅಂದು, ಬ್ರಷ್ ಕೆಳಗಿಟ್ಟು ಸಾಹೇಬರ ಬಳಿ ಹೋದೆ.

"ಟಾರ್ಕ್ ಪಾನಾ ಕೊಡ್ರಿ ಸರ್. ನಾನೇ ಬಿಗೀತೀನಿ, ನಾನೇ ಗೆರಿ ಎಳೀತೀನಿ."

"ಆ ಪಾನಾ ನಿನ್ನಷ್ಟss ಉದ್ದ ಐತಿ. ಸುಮ್ನ ಬಣ್ಣಾ ಹಚ್ಚವಾ, ಲಾರಿ ನಿಂತೈತಿ."

"ಬಿಗೀಲಾರದ್ದಕ್ಕ ನಾ ಹಚ್ಚಂಗಿಲ್ರಿ."

"ನಿಮ್ಮವ್ವನ ಮಾರಿ ನೋಡಿ ತಗೊಂಡೇನಿ. ಕಲಿಯಾಕ ಬಂದಾಕಿ ನೀ, ಕಾಯ್ದೆ ಹೇಳಾಕ ಬರಬ್ಯಾಡ."

"ಕಲೀಲಿಕ್ಕೇ ಕೇಳ್ಲಿಕತ್ತೀನ್ರಿ. ಬ್ರಷ್ ಹಿಡಿಯೂದು ನಂಗ ಮೊದ್ಲೇ ಬರ್ತಿತ್ತು."

ಅವರು ಎದ್ದು ಬಂದರು. ಶರ್ಟಿನ ತೋಳು ಮಡಚಿ, ನನ್ನ ಬ್ರಷ್ ತೆಗೆದುಕೊಂಡು, ಒಂದರ ಹಿಂದೊಂದು ಗೆರೆ ಎಳೆದರು. ಒಂದು ನಟ್ಟನ್ನೂ ಮುಟ್ಟಿ ನೋಡಲಿಲ್ಲ. ಬಣ್ಣ ಒಣಗುವ ಮೊದಲೇ ಟ್ರಾಲಿಗಳು ಲಾರಿ ಏರಿದವು. ಅವು ಯಾವ ಡಬ್ಬಿಯ ಅಡಿಗೆ ಹೋಗುತ್ತವೋ, ಅದರಲ್ಲಿ ಯಾರು ಕೂರುತ್ತಾರೋ ಎಂದು ಯೋಚಿಸುತ್ತಾ ಮನೆಗೆ ಬಂದೆ. ಅವ್ವ ಊರಿಗೆ ಹೋಗುವುದು ಜನರಲ್ ಡಬ್ಬಿಯಲ್ಲೇ.

ಮುಂದಿನ ವಾರ ನನ್ನನ್ನು ಅದೇ ಗುತ್ತಿಗೆದಾರನ ಸಂಭಾಜಿನಗರದ ಶೆಡ್ಡಿಗೆ ಕಳಿಸಿದರು. ನಾನು ಹೆಚ್ಚು ಕಲಿಯಲಿ ಎಂದು ಕಳಿಸಿದ್ದಂತೆ! ಅಲ್ಲಿ ಸ್ಟೋರಿನ ಕಿಟಕಿಯಲ್ಲಿ ಕೂತು ಕೈಗವಸು, ಸೋಪು ಹಂಚುವುದು ನನ್ನ ಕೆಲಸ. ಅವ್ವ ನಾಸಿಕ್‌ನಲ್ಲಿ, ನಾನು ಇಲ್ಲಿ ಬಾಡಿಗೆ ಖೋಲಿಯಲ್ಲಿ. ಪಾನಾ ಬೇಕೆಂದು ಕೇಳಿದಾಗಲೆಲ್ಲ ಆ ಶೆಡ್ಡಿನವರು ನೋಡೋಣ ಎನ್ನುತ್ತಿದ್ದರು.

ಒಂದು ದಿನ ಸಾಹೇಬರು ನಾಸಿಕ್‌ನಿಂದ ಬಂದರು. ಜೊತೆಗೆ ತಪಾಸಣೆಗೆ ರೈಲ್ವೆಯ ಅಧಿಕಾರಿಯೊಬ್ಬರು, ಮತ್ತೊಬ್ಬ ಫೋಟೋಗ್ರಾಫರ್. ಹೆಣ್ಣುಮಕ್ಕಳಿಗೆ ಇಲ್ಲಿ ಎಷ್ಟು ಅವಕಾಶವಿದೆ ಎಂದು ತೋರಿಸಲು ಗೇಟಿನಲ್ಲಿ ದೊಡ್ಡ ಚಿತ್ರ ಹಾಕುತ್ತಾರಂತೆ. ನನ್ನನ್ನು ಸ್ಟೋರಿನಿಂದ ಕರೆಸಿ, ತಲೆಗೆ ಹೊಸ ಹೆಲ್ಮೆಟ್ ಇಟ್ಟು, ಕೈಗೆ ಟಾರ್ಕ್ ಪಾನಾ ಕೊಟ್ಟರು. ತಿಂಗಳುಗಟ್ಟಲೆ ಬೇಡಿದ ಪಾನಾ ಫೋಟೋಗಾಗಿ ಕೈಗೆ ಬಂತು!

"ಹಿಂಗ ಹಿಡಿ. ಸ್ವಲ್ಪ ನಗು," ಎಂದರು ಸಾಹೇಬರು.

ನಗಲಿಲ್ಲ. ಎದುರಿನ ಟ್ರಾಲಿಯಲ್ಲಿ ಹಳದಿ ಗೆರೆ ಎಳೆದಿದ್ದ ನಟ್ಟಿಗೆ ಪಾನಾ ಹಾಕಿ ಜಗ್ಗಿದೆ.

"ಏ, ಬರೇ ಹಿಡಿದ್ರ ಸಾಕವಾ!"

ನಟ್ಟು ತಿರುಗಿತು. ಗೆರೆ ಮುರಿಯಿತು. ಇನ್ನೂ ಜಗ್ಗಿದೆ, ಇನ್ನೂ ತಿರುಗಿತು. ಟಕ್ ಎನ್ನಲೇ ಇಲ್ಲ. ಮೊಬೈಲ್ ನೋಡುತ್ತಿದ್ದ ಅಧಿಕಾರಿ ಹತ್ತಿರ ಬಂದು, "ಔರ್ ಏಕ್," ಎಂದರು. ಇನ್ನೊಂದು ನಟ್ಟಿಗೆ ಪಾನಾ ಹಾಕಿದೆ, ಅದೂ ತಿರುಗಿತು. ಶೆಡ್ಡಿನಲ್ಲಿದ್ದ ಟ್ರಾಲಿಗಳನ್ನೆಲ್ಲ ತಡೆಹಿಡಿಯಲು ಹೇಳಿ ಅವರು ಕೈ ತೊಳೆಯಲು ಹೋದರು. ಸಾಹೇಬರು ನನ್ನನ್ನು ಸ್ಟೋರಿನ ಹಿಂದಕ್ಕೆ ಕರೆದರು. ದನಿ ಬೆಣ್ಣೆಯಾಗಿತ್ತು.

"ಆದದ್ದಾತು ತಂಗಿ. ಇಲ್ಲಿವೆಲ್ಲಾ ಮತ್ತ ಬಿಗಿಸ್ತೇನಿ. ನಾಸಿಕ್ ರೋಡಿಂದು ಮಾತ್ರ ಬಾಯಿ ಬಿಡಬ್ಯಾಡ. ಅಪ್ರೆಂಟಿಸ್ ಮುಗಿಯೂದರಾಗ ಪರ್ಮನೆಂಟ್ ಮಾಡ್ತೇನಿ. ಬೇಕಂದ್ರ ಈಗss ಬರದು ಕೊಡ್ತೇನಿ."

ಸುಳ್ಳೇಕೆ, ಒಳ್ಳೆಯ ದರವೇ ಅದು. ಪರ್ಮನೆಂಟ್ ಎಂದರೆ ಅವ್ವ ಸಿಮೆಂಟು ಹೊರುವುದು ನಿಲ್ಲುತ್ತಿತ್ತು. ನನ್ನ ಮನೆಯ ಕಷ್ಟ ತಿಳಿದೇ ಅವರು ಆ ದರ ಹೇಳಿದ್ದರು. ಸಿಟ್ಟು ನೆತ್ತಿಗೇರಿದ್ದು ಅದಕ್ಕೇ.

"ಹೋದ ಟ್ರಾಲಿ ವಾಪಸ್ ಕರಸ್ತೀರೇನ್ರಿ?" ಎಂದು ಕೇಳಿದೆ.

"ಅದು ಆಗೂದಲ್ಲ."

"ಹಂಗಿದ್ರ ಇದೂ ಆಗೂದಲ್ಲ, ಬಿಡ್ರಿ."

ನೇರವಾಗಿ ಅಧಿಕಾರಿಯ ಬಳಿ ಹೋಗಿ ಹಿಂದಿಯಲ್ಲಿ ಎಲ್ಲ ಹೇಳಿದೆ. ಬೆರಳಿಗೆ ತಿರುಗಿದ ನಟ್ಟು, ಬೀಗ ಹಾಕಿದ ಪಾನಾ, ಒಣಗದ ಬಣ್ಣ, ಹೊರಟ ಲಾರಿ. ಅವರು ಶಹಬ್ಬಾಸ್ ಎನ್ನಲಿಲ್ಲ. ಫೋನ್ ತೆಗೆದು, ನಾಸಿಕ್ ರೋಡಿನಿಂದ ಹೋದ ಟ್ರಾಲಿಗಳನ್ನು ಇದ್ದಲ್ಲೇ ನಿಲ್ಲಿಸಿ ಎಂದರು.

"ನಮ್ಮ ಮಂದಿ ಅಂತ ತಗೊಂಡ್ರ ಇದss ಏನು ನೀ ಮಾಡೂದು?" ಸಾಹೇಬರು ಹಲ್ಲು ಕಡಿದು ಕೇಳಿದರು.

"ಡಬ್ಬಿಯೊಳಗ ನಮ್ಮವ್ವ ಕುಂದರ್ತಾಳ್ರಿ. ನೀವು ಕಾರಿನಾಗ ಹೋಗ್ತೀರಿ."

ಮಧ್ಯಾಹ್ನವೇ ಗೇಟಿನ ವಾಚ್‌ಮನ್ ಮೂಲಕ ಹೇಳಿಕಳಿಸಿದರು: ಹೆಲ್ಮೆಟ್, ಬೂಟು ಕೊಟ್ಟು ಹೊರಡಬೇಕು. ಹೆಲ್ಮೆಟ್ ಕೊಟ್ಟೆ. ಬೂಟು ಕೊಡಲಿಲ್ಲ. ಇಷ್ಟು ದಿನ ಇಲ್ಲಿದ್ದುದಕ್ಕೆ ಪತ್ರ ಕೊಡಲಿ, ಬೂಟು ತೆಗೆದುಕೊಳ್ಳಲಿ ಎಂದು ಗೇಟಿನ ಬೆಂಚಿನ ಮೇಲೆ ಕೂತೆ. ಜಗಳವಾಡಿ ಕೆಲಸ ಬಿಡುವವರು ಇದನ್ನು ಮರೆಯಬಾರದು. ಬರಬೇಕಾದ್ದನ್ನು ಹೊರಗಿನವರು ನೋಡುತ್ತಿರುವಾಗಲೇ ಕೇಳಿ ಪಡೆಯಿರಿ. ನಾಳೆ ಬಾ ಎಂದರೆ ಆ ನಾಳೆ ಬರುವುದಿಲ್ಲ. ಅಧಿಕಾರಿಯ ಜೀಪು ಇನ್ನೂ ಅಂಗಳದಲ್ಲೇ ನಿಂತಿತ್ತು. ಅದು ಇರುವವರೆಗೆ ನನ್ನನ್ನು ಯಾರೂ ಗದರಿಸಿ ಓಡಿಸುವಂತಿರಲಿಲ್ಲ.

ಪತ್ರ ಬಂತು. ನಿಂತುಕೊಂಡು ಪೂರ್ತಿ ಓದಿದೆ. 'ಬಣ್ಣ ಹಚ್ಚುವ ಸಹಾಯಕಿ' ಎಂದು ಬರೆದಿದ್ದರು. ವಾಪಸ್ ಕಳಿಸಿ ಮತ್ತೆ ಕೂತೆ.

"ಅಬ್ ಕ್ಯಾ ಹುವಾ ಬೇಟಿ?" ಎಂದ ವಾಚ್‌ಮನ್.

"ಗಲತ್ ಲಿಖಾ ಹೈ ಚಾಚಾ. ಫಿರ್ ಸೇ ಲಿಖೇಂಗೇ." ತಪ್ಪು ಬರೆದಿದ್ದಾರೆ, ಮತ್ತೆ ಬರೆಯುತ್ತಾರೆ ಎಂದೆ.

ಎರಡನೆಯದರಲ್ಲಿ 'ಮೆಕ್ಯಾನಿಕಲ್ ಅಪ್ರೆಂಟಿಸ್' ಎಂದಿತ್ತು. ಸಹಿ ಇತ್ತು, ಅದರ ಕೆಳಗೆ ಒತ್ತಿದ ಸಿಕ್ಕಾ ಇತ್ತು. ಆಮೇಲೆ ಬೂಟಿನ ದಾರ ಬಿಚ್ಚಿದೆ.