ಕನ್ನಡಿಗೆ ಹಚ್ಚಿದ ವಿಭೂತಿ

ದೊಡ್ಡ ಟೆಲಿಸ್ಕೋಪು ಬೇಕೆಂದು ಹಟ ಹಿಡಿದಿದ್ದವಳು ನನ್ನ ಹೆಂಡತಿ. ಅವಳು ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ, ಅವಳು ಆರಿಸಿಟ್ಟಿದ್ದನ್ನೇ ತರಿಸಿದೆ.

ಅದು ಬಂದ ದಿನ ಭದ್ರಾವತಿಯ ಓಲ್ಡ್ ಟೌನಿನಿಂದ ಅತ್ತೆ, ಅವಳ ಅಮ್ಮ, ನಮ್ಮ ನವುಲೆಯ ಮನೆಗೆ ಬಂದಿದ್ದರು. ತಾರಸಿಯಲ್ಲಿ ಟೆಲಿಸ್ಕೋಪಿನ ಬುಡದ ಪೆಟ್ಟಿಗೆಯನ್ನಿಟ್ಟು, ಅದರೊಳಗಿದ್ದ ಊಟದ ತಟ್ಟೆಯಗಲದ ಕನ್ನಡಿಯ ಮುಚ್ಚಳ ತೆಗೆದು, ಉಳಿದ ಭಾಗಗಳನ್ನು ತರಲು ಕೆಳಗಿಳಿದೆ. ಮರಳಿ ಬರುವಷ್ಟರಲ್ಲಿ ಅತ್ತೆ ಕನ್ನಡಿಗೆ ಮೂರು ಬೆರಳಿನಿಂದ ವಿಭೂತಿ ಹಚ್ಚಿ ಕೈಮುಗಿದು ನಿಂತಿದ್ದರು. ಸ್ಕೂಟರಾಗಲಿ ಫ್ರಿಜ್ಜಾಗಲಿ, ಹೊಸದು ಬಂದರೆ ನಮ್ಮ ಮನೆಗಳಲ್ಲಿ ಹಾಗೆಯೇ. ಆದರೆ ಈ ಕನ್ನಡಿಯನ್ನು ಬೆರಳಿನಿಂದ ಮುಟ್ಟಬಾರದು, ಅದರ ಮೇಲಿನ ತೆಳು ಲೇಪ ಗೀಚಿಹೋಗುತ್ತದೆ.

ಹೇಳಿದೆ. ಅವರ ಮುಖ ಇಳಿಯಿತು.

"ಅವಳ ಸಾಮಾನು ಹಾಳು ಮಾಡಿಬಿಟ್ನಾ?"

"ತಡೀರಿ, ನೋಡೋಣ."

ದೀಪ ಹಚ್ಚುವ ಹೊತ್ತಿಗೆ ಎಲ್ಲ ಜೋಡಿಸಿ ಚಂದ್ರನತ್ತ ತಿರುಗಿಸಿದೆ. ಕುಳಿಗಳು, ಅವುಗಳ ನೆರಳು, ಎಲ್ಲವೂ ಸ್ಪಷ್ಟವಾಗಿದ್ದವು. ಕನ್ನಡಿಯ ಮೇಲೆ ಹಾಗೇ ಇದ್ದ ವಿಭೂತಿಯ ಗೆರೆಗಳ ಸುಳಿವೇ ಇರಲಿಲ್ಲ; ಅಷ್ಟಗಲದ ಕನ್ನಡಿಗೆ ಆ ಮೂರು ಗೆರೆ ಲೆಕ್ಕಕ್ಕೇ ಇಲ್ಲ. ಇದನ್ನು ನೋಡಲು ಅವಳು ಎರಡು ವರ್ಷ ಕಾದಿದ್ದಳು. ನನಗೆ ಏನೂ ಅನ್ನಿಸಲಿಲ್ಲ.

"ಏನೂ ಆಗಿಲ್ಲ ಅತ್ತೆ. ಚೆನ್ನಾಗೇ ಕಾಣ್ತಿದೆ."

"ಅವಳಿದ್ದಿದ್ರೆ ಸರಿಯಾಗಿ ಬೈತಿದ್ಲು. ನೀವಾದ್ರೂ ಒಂದ್ಮಾತು ಬೈಯ್ರಿ."

ಬೈಯಲು ನೋಡಿದೆ. ಸಿಟ್ಟು ಬರಲಿಲ್ಲ. ಸ್ಟೂಲು ಎಳೆದು ಅವರನ್ನು ಕೂರಿಸಿ, ಕಣ್ಣಿಡುವ ಜಾಗ ತೋರಿಸಿದೆ. ಅವರು ನೋಡುತ್ತಲೇ ಇದ್ದರು. ಚಂದ್ರ ನೋಟದ ಅಂಚಿಗೆ ಸರಿದನೆಂದು ಅವರು ಕೈಯೆತ್ತಿದಾಗಲೆಲ್ಲ ನಾನು ಟೆಲಿಸ್ಕೋಪನ್ನು ಒಂದಿಷ್ಟು ತಳ್ಳುತ್ತಿದ್ದೆ.