ಅಪ್ಪನ ಹೆಬ್ಬೆರಳು, ಕರಿನಾಯಿಯ ನಾಲಗೆ

ನಿಜಾಮರ ಸರ್ಕಾರ ಹೋಗಿ ಇನ್ನೊಂದು ಸರ್ಕಾರ ಬಂದ ಹೊಸತರಲ್ಲಿ ಸುರಪುರದ ಕಚೇರಿಗಳ ಫಲಕ ಬದಲಾಯಿತು, ಅರ್ಜಿಯ ಭಾಷೆ ಬದಲಾಯಿತು, ನಾವು ಸಲಾಮು ಹೊಡೆಯಬೇಕಾದವರೂ ಬದಲಾದರು. ನಮ್ಮ ಹಟ್ಟಿಯ ವೈದ್ಯರು ಮಾತ್ರ ಬದಲಾಗಲಿಲ್ಲ. ಅವರಿಗೆ ನಾಲ್ಕು ಕಾಲು, ಒಂದು ಬಾಲ ಇತ್ತು.

ನಮ್ಮದು ಕುರಿ ಸಾಕುವ ಮನೆ. ಉಣ್ಣೆ ಕತ್ತರಿಸುವಾಗ ಕುರಿಯ ಚರ್ಮಕ್ಕೆ ಕತ್ತರಿ ತಾಗುವುದು ಇದ್ದದ್ದೇ. ಆಗ ಅಪ್ಪ ಕರಿನಾಯಿಯನ್ನು ಕರೆಯುತ್ತಿದ್ದ, ಅದು ಬಂದು ಗಾಯ ನೆಕ್ಕಿ ಹೋಗುತ್ತಿತ್ತು. ಅವ್ವನ ಒಡೆದ ಹಿಮ್ಮಡಿಗೂ ನನ್ನ ತರಚಿದ ಮೊಣಕಾಲಿಗೂ ಅದೇ ನಾಲಗೆ. ಗಾಯ ಒಣಗಿದರೆ ನಾಯಿಯ ಕೈಗುಣ, ಕೀವಾದರೆ ನಮ್ಮ ಹಣೆಬರಹ. ಆ ನಾಲಗೆ ಬೇರೆ ಎಲ್ಲೆಲ್ಲಿ ಏನೇನು ನೆಕ್ಕಿ ಬಂದಿದೆ ಎಂದು ನಾನೊಮ್ಮೆ ಕೇಳಿ ಬೈಸಿಕೊಂಡಿದ್ದೆ.

ಒಂದು ವರ್ಷ ಟಗರು ಒದ್ದು ಅಪ್ಪನ ಕೈಯಿಂದ ಕತ್ತರಿ ಜಾರಿತು. ಬೀಳುವುದನ್ನು ಹಿಡಿಯಲು ಹೋಗಿ ಬಲಗೈ ಹೆಬ್ಬೆರಳಿನ ಬುಡವನ್ನೇ ಅಲಗಿಗೆ ಕೊಟ್ಟ. ಸುತ್ತಿನ ಹಳ್ಳಿಗಳಲ್ಲಿ ಅಪ್ಪನಷ್ಟು ಚೆನ್ನಾಗಿ ಉಣ್ಣೆ ಕತ್ತರಿಸುವವರು ಇರಲಿಲ್ಲ. ಆ ಹೆಮ್ಮೆಯೆಲ್ಲ ಆ ಬೆರಳಿನಲ್ಲೇ ಇತ್ತು. ಅದು ಮಡಚದಿದ್ದರೆ ಕತ್ತರಿ ಹಿಡಿಯುವಂತಿಲ್ಲ.

"ಶಹಾಪುರ ದವಾಖಾನಿಗಿ ಹೋಗೂಣ ನಡೀರಿ," ಎಂದಳು ಅವ್ವ.

"ಆ ಕಂಪೌಂಡರ್ ಕೈ ತೊಳಕೊಂಡಿರ್ತಾನೋ ಇಲ್ಲೋ, ಯಾರಿಗಿ ಗೊತ್ತು?" ಎಂದು ಅಪ್ಪ ಬೆರಳನ್ನು ನಾಯಿಯ ಬಾಯಿಗೆ ಒಡ್ಡಿದ.

ನಾಯಿ ಮೂಸಿ ಮುಖ ತಿರುಗಿಸಿತು. ಅಪ್ಪ ಗಾಯದ ಸುತ್ತ ಬೆಣ್ಣೆ ಹಚ್ಚಿಸಿಕೊಂಡ. ಆಗ ಅದಕ್ಕೆ ವೈದ್ಯದಲ್ಲಿ ಆಸಕ್ತಿ ಹುಟ್ಟಿತು. ಐದು ದಿನ ಹೊತ್ತಿಗೆ ಸರಿಯಾಗಿ ಬಂದು ನೆಕ್ಕಿತು. ನಮ್ಮ ರೊಟ್ಟಿಗೆ ಮಾತ್ರ ಬೆಣ್ಣೆ ಇರಲಿಲ್ಲ.

ಆರನೆಯ ದಿನ ಕೈ ಮೊಣಕೈವರೆಗೆ ಬಾತು, ಜ್ವರದಲ್ಲಿ ಅಪ್ಪ ಬಡಬಡಿಸತೊಡಗಿದ. ಅವ್ವ ಯಾರ ಮಾತೂ ಕೇಳದೆ ಗಾಡಿ ಕಟ್ಟಿಸಿದಳು. ದವಾಖಾನೆಯಲ್ಲಿ ಕಂಪೌಂಡರ್ ಮೊದಲು ಸಾಬೂನು ಹಚ್ಚಿ ಚೆನ್ನಾಗಿ ಕೈ ತೊಳೆದುಕೊಂಡ. ಅಪ್ಪ ನೆಲ ನೋಡಿದ. ಕೀವು ತೆಗೆದು, ಟಿಂಚರ್ ಹಚ್ಚಿ, ಪಟ್ಟಿ ಕಟ್ಟಿದರು. ಎಷ್ಟೋ ದಿನಗಳ ಮೇಲೆ ಗಾಯ ಮಾಯ್ದು ಬೆರಳು ಉಳಿಯಿತು, ಆದರೆ ಮತ್ತೆ ಮಡಚಲಿಲ್ಲ. ಕತ್ತರಿ ಹೆಣ್ಣುಮಗಳಾದ ನನ್ನ ಕೈಗೆ ಬಂತು.

ಹಟ್ಟಿಯವರು ನೋಡಲು ಬಂದರು. "ನಾಯಿ ನೆಕ್ಕಿತ್ತಲ್ಲ, ಅದಕ್ಕ ಬೆರಳಾದ್ರೂ ಉಳೀತ್ರಿ," ಎಂದರು. ಅಪ್ಪ ಹೌದೆಂದು ತಲೆಯಾಡಿಸಿದ.

ಮರುವರ್ಷ ತೋಳವೊಂದು ಕರಿನಾಯಿಯ ಕುತ್ತಿಗೆ ಹರಿಯಿತು. ಅಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿ, ಹೆಗಲಿಗೆ ಹಾಕಿಕೊಂಡು ನೇರ ಶಹಾಪುರದ ದಾರಿ ಹಿಡಿದ. ನಾನೂ ಹಿಂದೆ ಓಡಿದೆ.

"ಇದು ಮಂದಿ ದವಾಖಾನಿ ಅದ," ಎಂದ ಕಂಪೌಂಡರ್.

"ಗೊತ್ತದ್ರಿ. ಒಂದೀಟು ಟಿಂಚರ್ ಕೊಡ್ರಿ, ಕೈಮುಗೀತೀನಿ."

ಅವನು ಚಿಕ್ಕ ಸೀಸೆಯೊಂದನ್ನು ಕೊಟ್ಟ. ಹೊರಗೆ ಬೇವಿನ ಗಿಡದ ಕೆಳಗೆ ಕೂತಾಗ ನನಗೆ ತಡೆಯಲಾಗಲಿಲ್ಲ. "ಯಪ್ಪಾ, ಮಗ್ಗಲ ಮನ್ಯಾಗೂ ನಾಯಿ ಅದಲ್ಲ. ಅದರ ಕಡಿಂದ ನೆಕ್ಕಿಸಿದ್ರ ಆಗ್ತಿತ್ತಲ್ಲ?"

ಅಪ್ಪ ಸಿಟ್ಟಾಗಲಿಲ್ಲ. ನಾಯಿಯ ತಲೆ ಸವರಿದ.

"ಬ್ಯಾಡವ್ವ, ಸತ್ತೇ ಹೋಗ್ತದ," ಎಂದ.

ಆ ಹೆಬ್ಬೆರಳಿನಿಂದ ಸೀಸೆಯ ಮುಚ್ಚಳ ತೆಗೆಯಲು ಆಗದೆ ನನ್ನ ಕೈಗೆ ಕೊಟ್ಟ.